ಆಟೋರೂಟರ್‌ಗೆ ಏನು ಬಿಡಬೇಕು, ಕೈಯಲ್ಲಿ ಏನು ಎಳೆಯಬೇಕು

ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ಪಂಪ್‌ಸೆಟ್ ಸ್ಟಾರ್ಟರ್‌ಗಳಿಗೆ ಸರ್ಕ್ಯೂಟ್ ಬೋರ್ಡ್ ಡಿಸೈನ್ ಮಾಡುತ್ತೇನೆ. ಬೋರ್ಡಿನ ಮೇಲೆ ಪಿನ್ನುಗಳನ್ನು ಜೋಡಿಸುವ ತಾಮ್ರದ ಗೆರೆ ಎಳೆಯುವುದೇ ರೂಟಿಂಗ್; ಅದನ್ನು ತಾನೇ ಮಾಡುವ ಸಾಫ್ಟ್‌ವೇರ್ ಆಟೋರೂಟರ್. ಹೊಸದಾಗಿ ಸೇರಿದ ಹುಡುಗರು ಕೇಳುವುದು ಒಂದೇ: "ಸರ್, ಆಟೋರೂಟ್ ಒತ್ತಿಬಿಡಲಾ?" ಒತ್ತಬಹುದು. ಆದರೆ ಮೊದಲಿಗೇ ಅಲ್ಲ.

ಮೊದಲು ಕಾಂಪೊನೆಂಟ್‌ಗಳನ್ನು ಸರಿಸಿ, ತಿರುಗಿಸಿ. ರ‍್ಯಾಟ್ಸ್‌ನೆಸ್ಟ್ ಗೆರೆಗಳು (ಯಾವ ಪಿನ್ ಯಾವುದಕ್ಕೆ ಸೇರಬೇಕೆಂದು ಪರದೆಯಲ್ಲಿ ತೋರಿಸುವ ತೆಳು ಗೆರೆಗಳು) ಆದಷ್ಟು ಕಡಿಮೆ ಅಡ್ಡ ಹಾಯಲಿ. ಅರ್ಧ ರೂಟಿಂಗ್ ಇಲ್ಲೇ ಮುಗಿಯುತ್ತದೆ.

ಆಮೇಲೆ ಕೈ ಕೆಲಸ. 230 ವೋಲ್ಟ್ ಇರುವ ರಿಲೇ ಕಡೆಯನ್ನು ನಾನು ಯಾವತ್ತೂ ಆಟೋರೂಟರ್‌ಗೆ ಕೊಡುವುದಿಲ್ಲ. ಮೇನ್ಸ್‌ಗೂ 5 ವೋಲ್ಟ್ ಭಾಗಕ್ಕೂ ನಡುವೆ 8 ಮಿಲಿಮೀಟರ್ ಬಿಡುತ್ತೇನೆ. ಜಾಗ ಸಾಲದಿದ್ದರೆ ಬೋರ್ಡಿನಲ್ಲೇ ಸೀಳು ಹಾಕಿಸುತ್ತೇನೆ. ಮೈಕ್ರೋಕಂಟ್ರೋಲರ್‌ನ ಕ್ರಿಸ್ಟಲ್‌ಗೆ (ಅದಕ್ಕೆ ಕ್ಲಾಕ್ ಕೊಡುವ ಭಾಗ) ಹೋಗುವ ಗೆರೆ ಗಿಡ್ಡ ಇರಲಿ. 100 ನ್ಯಾನೋಫ್ಯಾರಡ್ ಕೆಪಾಸಿಟರ್ ಪವರ್ ಪಿನ್ನಿಗೆ ಅಂಟಿಕೊಂಡೇ ಕೂರಬೇಕು. ಸಪ್ಲೈ ಮೊದಲು ಕೆಪಾಸಿಟರ್ ಮುಟ್ಟಿ, ನಂತರ ಪಿನ್ನಿಗೆ ಹೋಗಲಿ. ಆಟೋರೂಟರ್ ಇದನ್ನೇ ಬೋರ್ಡೆಲ್ಲಾ ಸುತ್ತಿಸಿ ತರುತ್ತದೆ, ಕನೆಕ್ಷನ್ ಆಯ್ತಲ್ಲ ಅಂತ!

ಇವನ್ನೆಲ್ಲ ಲಾಕ್ ಮಾಡಿ. ಉಳಿದದ್ದು ಎಲ್‌ಇಡಿ, ಬಟನ್, ಡಿಸ್‌ಪ್ಲೇ ಗೆರೆಗಳು ಅಲ್ವಾ? ಅವಕ್ಕೆ ಸುಮ್ನೆ ಯಾಕೆ ಒದ್ದಾಡಬೇಕು, ಮಷೀನಿಗೆ ಬಿಡಿ. ಬೋರ್ಡ್ ಡಿಸೈನ್ ಸಾಫ್ಟ್‌ವೇರ್ ಆದ ಕೀಕ್ಯಾಡ್ ಒಳಗೆ ಆಟೋರೂಟರ್ ಇಲ್ಲ. ನೆಟ್ ಕ್ಲಾಸ್‌ನಲ್ಲಿ (ಒಂದೇ ನಿಯಮದ ಕನೆಕ್ಷನ್‌ಗಳ ಗುಂಪು) ಗೆರೆಯ ಅಗಲ ಕೊಟ್ಟು, ಡಿಎಸ್‌ಎನ್ ಫೈಲ್ ಎಕ್ಸ್‌ಪೋರ್ಟ್ ಮಾಡಿ, ಫ್ರೀರೂಟಿಂಗ್ ಎಂಬ ಬೇರೆ ಆಟೋರೂಟರ್‌ನಲ್ಲಿ ಓಡಿಸಿ. ಬಂದ ಎಸ್‌ಇಎಸ್ ಫೈಲನ್ನು ವಾಪಸ್ ಇಂಪೋರ್ಟ್ ಮಾಡಿ.

ನಂತರ ವಯಾಗಳನ್ನು, ಅಂದರೆ ಗೆರೆಯನ್ನು ಒಂದು ಪದರದಿಂದ ಇನ್ನೊಂದಕ್ಕೆ ಒಯ್ಯುವ ತೂತುಗಳನ್ನು ನೋಡಿ. ಕಾರಣವಿಲ್ಲದೆ ಕೆಳಗಿಳಿದು ಮತ್ತೆ ಮೇಲೆ ಬಂದ ಗೆರೆ ಜಾಸ್ತಿ ಇರುತ್ತವೆ. ಅಳಿಸಿ, ಕೈಯಲ್ಲೇ ಎಳೆಯಿರಿ. ಮೇನ್ಸ್ ಭಾಗ ಬಿಟ್ಟು ಗ್ರೌಂಡ್ ತಾಮ್ರ ತುಂಬಿಸಿ, ಡಿಆರ್‌ಸಿ (ಡಿಸೈನ್ ನಿಯಮಗಳ ತಪಾಸಣೆ) ಓಡಿಸಿ, ಬೋರ್ಡ್ ಮಾಡುವವರಿಗೆ ಕೊಡುವ ಗರ್ಬರ್ ಫೈಲ್ ತೆಗೆಯಿರಿ.