ಕಟಿಂಗ್ ಮುಗಿಯಿತು, ಮಗ ಅಳಲಿಲ್ಲ: ನನ್ನ ಅನುಭವ

ಆಟಿಸಂ ಇರುವ ನನ್ನ ಏಳು ವರ್ಷದ ಮಗ ಕಳೆದ ವಾರ ಕನ್ನಡಿ ಮುಂದೆ ಕೂತು ಪೂರ್ತಿ ಕಟಿಂಗ್ ಮಾಡಿಸಿಕೊಂಡ. ಹೆಚ್ಚುಕಮ್ಮಿ 20 ನಿಮಿಷ, ಒಂದು ಹನಿ ಕಣ್ಣೀರಿಲ್ಲ. "ಇವನ ಹತ್ರ ಇದೆಲ್ಲ ಆಗಲ್ಲ, ನಿದ್ದೆಯಲ್ಲೇ ಕತ್ತರಿಸಿಬಿಡಿ" ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ.

ನಿದ್ದೆಯಲ್ಲೂ ಕತ್ತರಿಸಿ ನೋಡಿದ್ದೆ. ಅರ್ಧದಲ್ಲಿ ಎಚ್ಚರವಾಯಿತು. ಆಮೇಲೆ ಮೂರು ವಾರ ಮಲಗುವುದಕ್ಕೇ ಹೆದರುತ್ತಿದ್ದ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಇಬ್ಬರು ಸೇರಿ ಹಿಡಿದುಕೊಂಡು ಕತ್ತರಿಸಿದ್ದೂ ಇದೆ, ನೆನೆಸಿಕೊಂಡರೆ ಈಗಲೂ ಕರುಳು ಕಿವುಚುತ್ತದೆ. ಸದ್ದು, ಸ್ಪರ್ಶ ತಡೆದುಕೊಳ್ಳಲಾಗದೆ ಹೀಗೆ ಒದ್ದಾಡುವುದನ್ನು 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಆಟಿಸಂ ಲಕ್ಷಣಗಳ ಪಟ್ಟಿಗೇ ಸೇರಿಸಿದೆ, ಆದರೂ ನಮ್ಮವರ ಬಾಯಲ್ಲಿ ಅದು ಹಠವೇ.

ದುಡ್ಡು ಹೋಗಿದ್ದು ಕಡಿಮೆಯೇನಲ್ಲ. ಸದ್ದು ತಡೆಯುವ ಹೆಡ್‌ಫೋನ್, ಸದ್ದೇ ಬರಲ್ಲ ಎಂದು ಮಾರುವ ಕಟಿಂಗ್ ಮಷಿನ್ ಎರಡು, ತೂಕದ ಹೊದಿಕೆ ಒಂದು. ಒಂದು ತಿಂಗಳ ಸಂಬಳದಲ್ಲಿ ಮುಕ್ಕಾಲು ಪಾಲು ಹೋಯಿತು. ಆಟಿಸಂ ಇರುವ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ತಮ್ಮನ್ನು ಸಮಾಧಾನ ಮಾಡಿಕೊಳ್ಳಲು ಮೈ ಒತ್ತಿ ಹಿಡಿಯುವ ಯಂತ್ರ ಮಾಡಿಕೊಂಡಿದ್ದರಲ್ಲ, ಅದನ್ನು ಓದಿಯೇ ಹೊದಿಕೆ ತಂದಿದ್ದೆ. ಮಗ ಕಿತ್ತು ಬಿಸಾಕಿದ. ಆಮೇಲೆ ಹೊಳೆಯಿತು, ಆ ಯಂತ್ರದಲ್ಲಿ ಒತ್ತಡ ಎಷ್ಟಿರಬೇಕು, ಯಾವಾಗ ಬಿಡಬೇಕು ಎನ್ನುವುದು ಅವರ ಕೈಯಲ್ಲೇ ಇತ್ತು. ನನ್ನ ಮಗನ ಕೈಯಲ್ಲಿ ಏನಿತ್ತು?

ಅವತ್ತೇ ಕಟಿಂಗ್ ಮಷಿನ್ ಅವನ ಕೈಗೆ ಕೊಟ್ಟೆ. ಮೊದಲ ಎರಡು ವಾರ ಸ್ವಿಚ್ ಹಾಕುವುದು, ಆರಿಸುವುದು, ಅಷ್ಟೇ. ಆಮೇಲೆ ನನ್ನ ತೋಳಿಗೆ, ಅವನ ತೋಳಿಗೆ, ಭುಜಕ್ಕೆ, ಕಿವಿ ಹತ್ತಿರ. ಪ್ರತಿ ಸಲ ಹತ್ತು ಎಣಿಸಿ ನಿಲ್ಲಿಸುವುದು. ಹತ್ತು ಎಂದರೆ ಹತ್ತೇ. ಒಂದು ದಿನ "ಇನ್ನೊಂದು ಚೂರು" ಎಂದು ಮುಂದುವರಿಸಿದೆ, ಒಂಬತ್ತು ದಿನದ ಕೆಲಸ ನೀರುಪಾಲಾಯಿತು.

ಇನ್ನೊಂದು ವಿಷಯ ತಿಳಿಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಅವನು ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ, ಕುತ್ತಿಗೆ ಉಜ್ಜಿಕೊಳ್ಳುತ್ತಿದ್ದ! ಕಾಲರ್ ಒಳಗೆ ಬೀಳುವ ಚೂರು ಕೂದಲು ಅವನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹೆಡ್‌ಫೋನಿಗೆ ಸುಮ್ನೆ ದುಡ್ಡು ಸುರಿದಿದ್ದೆ. ಈಗ ಅಂಗಿ ತೆಗೆದು ಕೂರಿಸುತ್ತೇನೆ, ಪ್ರತಿ ಹತ್ತಕ್ಕೂ ಒಣ ಬ್ರಷ್‌ನಲ್ಲಿ ಕುತ್ತಿಗೆ ಒರೆಸುತ್ತೇನೆ. ಬ್ರಷ್ ಮೆತ್ತಗೆ ಆಡಿಸಬೇಡಿ, ಕಚಗುಳಿ ಆಗುತ್ತದೆ, ಒತ್ತಿ ಒರೆಸಿ.

ಮುಂದೆ ಏನಾಗುತ್ತದೆ ಎಂದು ತೋರಿಸುವ ಚಿತ್ರದ ಕಾರ್ಡ್ ಸುಮಾರು 40 ಮಾಡಿದ್ದೆ, ಕೆಲಸಕ್ಕೆ ಬಂದಿದ್ದು ಆರು. ಅವನು ಜಾಸ್ತಿ ನೋಡುತ್ತಿದ್ದದ್ದು "ಮುಗಿಯಿತು" ಎನ್ನುವ ಕೊನೆ ಕಾರ್ಡನ್ನೇ. ಎಡಗೈಯಲ್ಲಿ ಏನು ಹಿಡಿಸುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದನ್ನು ನಾವಿಬ್ಬರೂ ಕಷ್ಟಪಟ್ಟು ಕಂಡುಕೊಂಡಿದ್ದೇವೆ.

ಇದೇ ಎಣಿಕೆಯನ್ನು ಉಗುರಿಗೂ ಹಚ್ಚಿದೆ. ದಿನಕ್ಕೆ ಒಂದೇ ಬೆರಳು, ಸ್ನಾನ ಆದ ಮೇಲೆ, ಉಗುರು ಮೆತ್ತಗಿರುವಾಗ. ಕೈ ಬೆರಳೆಲ್ಲ ಸಲೀಸಾಗಿ ಮುಗಿಯುತ್ತವೆ. ಕಾಲಿನದು ಇನ್ನೂ ಆಗಿಲ್ಲ. ಹಲ್ಲುಜ್ಜುವುದಕ್ಕೆ ಹತ್ತು ಸಾಲಲಿಲ್ಲ, ಇಪ್ಪತ್ತಕ್ಕೆ ಏರಿಸಿದ ದಿನವೇ ಬಾಯಿ ಮುಚ್ಚಿಬಿಟ್ಟ.

ಎಲ್ಲ ಸೇರಿ ಮೂರು ತಿಂಗಳು ಹಿಡಿಯಿತು. ಕಳೆದ ವಾರ ಕೊನೆಯ ಹತ್ತನ್ನು ಅವನೇ ಎಣಿಸಿದ, ಎಂಟರಲ್ಲಿ ಒಂದು ಸಲ ನಿಲ್ಲಿಸಿ ಕುತ್ತಿಗೆ ಮುಟ್ಟಿ ನೋಡಿಕೊಂಡ, ಮತ್ತೆ ಒಂಬತ್ತು ಎಂದ.