ಯಾರೂ ಕಾಮಿಡಿ ಮಾಡದ ಗೂಢಚಾರಿ ಕಾಮಿಡಿ: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ನನ್ನ ಚಿತ್ರದಲ್ಲಿ ಯಾರೂ ಕಾಮಿಡಿ ಮಾಡಿಲ್ಲ. ನಾಯಕ ಮಾಡಿಲ್ಲ, ವಿಲನ್ ಮಾಡಿಲ್ಲ, ಮ್ಯೂಸಿಕ್ ಅಂತೂ ಮಾಡೇ ಇಲ್ಲ. ಆದರೂ ಸಾಗರ ಪೇಟೆಯಲ್ಲಿ ತೋರಿಸಿದಾಗ ಜನ ಮುಂದಿನ ಕುರ್ಚಿ ಬಡಿದು ನಕ್ಕರು. "ಇದರಲ್ಲಿ ನಗು ಎಲ್ಲಿದೆ ಗುರು?" ಅಂತ ಎಡಿಟ್ ಟೇಬಲ್‌ನಲ್ಲಿ ಕೇಳಿದ್ದ ಗೆಳೆಯನೂ ಅಲ್ಲೇ ಕೂತಿದ್ದ. ಅವನೇ ಜಾಸ್ತಿ ನಕ್ಕಿದ್ದು.

ಸುಮಾರು 40 ನಿಮಿಷದ ಚಿತ್ರ. ನಿವೃತ್ತಿ ಹತ್ತಿರ ಬಂದ ಗೂಢಚಾರಿಯೊಬ್ಬ ಮಲೆನಾಡಿಗೆ ಬರುತ್ತಾನೆ. ದೇಶದ ರಹಸ್ಯ ಇರುವ ಮೈಕ್ರೋಫಿಲ್ಮ್ ಒಂದು ಅಡಿಕೆಯೊಳಗೆ ಇದೆ. ಯಾವ ಅಡಿಕೆ ಅಂತ ಗೊತ್ತಿಲ್ಲ. ಅಡಿಕೆ ವ್ಯಾಪಾರದ ಮಂಡಿಯಲ್ಲಿ ಇರೋದು 80 ಕ್ವಿಂಟಾಲ್. ಇಷ್ಟೇ ಕಥೆ.

ಮೊದಲ ಸಲ ಎಲ್ಲರೂ ಹೇಳಿದ ದಾರಿಯಲ್ಲೇ ಹೋದೆ. ಟಿವಿ ಶೋಗಳಲ್ಲಿ ಹೆಸರು ಮಾಡಿದ ಹಾಸ್ಯ ನಟರೊಬ್ಬರನ್ನು ಕರೆಸಿದೆ. ಕಾರು, ರೂಮು, ದಿನಭತ್ಯೆ, ಎಲ್ಲ ಸೇರಿ 70 ಸಾವಿರದ ಹತ್ತಿರ ಹೋಯಿತು. ಅವರು ಪ್ರತಿ ಶಾಟ್‌ನಲ್ಲೂ ಕಣ್ಣು ಅರಳಿಸಿದರು, ಎಡವಿ ಬಿದ್ದರು, ಯುನಿಟ್ ಪೂರ್ತಿ ನಕ್ಕಿತು. ರಫ್ ಕಟ್, ಅಂದರೆ ಶಾಟ್ ಜೋಡಿಸಿದ ಮೊದಲ ಕರಡು, ನೋಡಿದರೆ ಸಪ್ಪೆ. ತಾನು ತಮಾಷೆ ಮಾಡುತ್ತಿದ್ದೇನೆ ಅನ್ನೋದು ನಾಯಕನಿಗೇ ಗೊತ್ತಿದ್ದರೆ ನಾವು ನಗೋಕೆ ಏನು ಉಳಿಯುತ್ತೆ? ಹಾಲಿವುಡ್ ನಟ ಲೆಸ್ಲಿ ನೀಲ್ಸನ್ ಅವರನ್ನು ನೆನಪಿಸಿಕೊಳ್ಳಿ. 1980ರವರೆಗೆ ಅವರು ಹೆಚ್ಚಾಗಿ ಗಂಭೀರ ಪಾತ್ರಗಳ ನಟ. ಆಮೇಲೆ ಅದೇ ಮುಖ, ಅದೇ ದನಿ ಇಟ್ಟುಕೊಂಡು ಅಸಂಬದ್ಧ ಮಾತಾಡಿದರು, ಲೋಕವೇ ನಕ್ಕಿತು. ನಮ್ಮ ಹಾಸ್ಯ ನಟರ ಫೂಟೇಜ್ ಪೂರ್ತಿ ಎತ್ತಿಟ್ಟೆ. ಹಣ ಹಾಕಿದ್ದ ಭಾವ ಒಂದು ತಿಂಗಳು ಫೋನ್ ಎತ್ತಲಿಲ್ಲ.

ಎರಡನೇ ಸಲ ನಾಯಕನಾಗಿ ಬಂದವರು ದೂರದ ಸಂಬಂಧದ ಮಾವ. ಜೀವನವಿಡೀ ಸಹಕಾರ ಸಂಘದಲ್ಲಿ ಲೆಕ್ಕ ಬರೆದವರು, ಒಂದೆರಡು ಊರ ನಾಟಕ ಬಿಟ್ಟರೆ ಬಣ್ಣ ಹಚ್ಚಿದವರಲ್ಲ. "ಮಾವ, ನೀವು ನಟಿಸೋದು ಬೇಡ. ಎದುರಿನವರ ಲೆಕ್ಕ ತಪ್ಪಿದೆ, ಅದನ್ನು ಹೇಳ್ತಿದ್ದೀರಿ, ಅಷ್ಟೇ" ಅಂದೆ. "ಅಷ್ಟೇನಾ ಮಾರಾಯ" ಅಂದರು. ಬಾಂಬ್‌ನ ಕೆಂಪು ತಂತಿ ಕತ್ತರಿಸುವ ಮುಂಚೆ ಅವರು ರಸೀದಿ ಕೇಳುವ ಶಾಟ್ ಒಂದೇ ಟೇಕ್.

ಕ್ಯಾಮೆರಾ ವಿಷಯದಲ್ಲಿ ನಾನು ಹಠ ಬಿಡಲಿಲ್ಲ. 1968ರಲ್ಲಿ ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು 'ಜೇಡರ ಬಲೆ'ಯಲ್ಲಿ ಗೂಢಚಾರಿ ಸಿಐಡಿ 999 ಮಾಡಿದಾಗಿನಿಂದ ನಮ್ಮ ಜನಕ್ಕೆ ಈ ಜಾತಿಯ ಚಿತ್ರದ ಚಾಳಿ ಎಲ್ಲ ಗೊತ್ತು. ನೆರಳಿನಲ್ಲಿ ಅರ್ಧ ಮುಖ, ದಿಢೀರ್ ಜೂಮ್, ಗಾಜಿನಲ್ಲಿ ಕಾಣುವ ಶತ್ರು. ಇದನ್ನೆಲ್ಲ ಒಂಚೂರೂ ಗೇಲಿ ಮಾಡದೆ, ಭಕ್ತಿಯಿಂದ ತೆಗೆದೆ. ಲೈಟಿಂಗ್‌ಗೆ ಅರ್ಧ ದಿನ ಹೋದರೂ ಸರಿ. ಫ್ರೇಮ್ ಗಂಭೀರ ಆದಷ್ಟೂ ಅದರೊಳಗಿನ ಟಿಫಿನ್ ಕ್ಯಾರಿಯರ್ ವೈರ್‌ಲೆಸ್ ಸೆಟ್ಟಿಗೆ ನಗು ಜಾಸ್ತಿ.

ವಿಲನ್ ಅಡ್ಡೆಗೆ ಸೆಟ್ ಹಾಕೋಕೆ ಸುಮಾರು 1 ಲಕ್ಷ ಅಂದರು. ಎಲ್ಲಿಂದ ತರಲಿ? ಕೊಯ್ಲಿನ ಕೊನೆಯಲ್ಲಿ ಅಡಿಕೆ ಬೇಯಿಸುವ ಮನೆಗೆ ಹೋದೆ. ದೊಡ್ಡ ಹಂಡೆ, ಅಡಿಕೆ ಬೆಂದು ಕೆಂಪಾದ ನೀರು ಅಂದರೆ ಕುದಿಯುವ ಚೊಗರು, ರಾತ್ರಿಯ ಆವಿ. ಹಿಂದಿನಿಂದ ನೀಲಿ ಹಾಳೆ (ಜೆಲ್) ಹಚ್ಚಿದ ಒಂದು ಲೈಟ್ ಕೊಟ್ಟರೆ ಅದೇ ಆಸಿಡ್ ತೊಟ್ಟಿ. ಸ್ಮೋಕ್ ಮಷಿನ್ ಬಾಡಿಗೆಯೂ ಉಳಿಯಿತು. ಮನೆಯವರು ಕೇಳಿದ್ದು ಒಂದೇ, ಬೇಯೋ ಅಡಿಕೆಗೆ ತೊಂದರೆ ಆಗಬಾರದು ಅಂತ. ಆವಿಯಿಂದ ಲೆನ್ಸ್ ಮಂಜಾಗೋದು ದೊಡ್ಡ ಕಾಟ. ಕ್ಯಾಮೆರಾವನ್ನು ಮೊದಲೇ ಒಳಗಿಟ್ಟು ಬೆಚ್ಚಗಾಗಲು ಬಿಟ್ಟ ಮೇಲೆ ಸರಿಹೋಯಿತು.

ಬಾಂಡ್ ಚಿತ್ರಗಳ ಹಾಗೆ ವಿಲನ್ ತೊಡೆ ಮೇಲೆ ಬೆಕ್ಕು ಬೇಕಲ್ವಾ? ನನಗೆ ಕೋಳಿ ಬೇಕಿತ್ತು. ಆದರೆ ಪ್ರಾಣಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಇಲ್ಲದೆ ಸೆನ್ಸಾರ್‌ನಲ್ಲಿ ಕೆಲಸ ಆಗಲ್ಲ. ಅದಕ್ಕೆ ಕಾಯುವಷ್ಟು ಪುರುಸೊತ್ತು ಇರಲಿಲ್ಲ. ಅಂಗಳದಲ್ಲಿ ಎಳೆ ಹಲಸಿನಕಾಯಿ ಬಿದ್ದಿತ್ತು. ಅದನ್ನೇ ವಿಲನ್ ಪಾತ್ರಧಾರಿಗೆ ಕೊಟ್ಟು "ಪ್ರೀತಿಯಿಂದ ಸವರಿ" ಅಂದೆ. ಮುಳ್ಳು ಚುಚ್ಚಿದಾಗ ಅವರ ಮುಖದಲ್ಲಿ ಬಂದ ಕ್ರೌರ್ಯ ಯಾವ ನಟನೆಯಲ್ಲೂ ಬರಲ್ಲ. ಇಡೀ ಚಿತ್ರದ ದೊಡ್ಡ ನಗು ಅದಕ್ಕೇ ಸಿಕ್ಕಿತು.

ನಡುವೆ ಒಂದು ಹುಚ್ಚು. ಇಡೀ ದೃಶ್ಯವನ್ನು ಹಿಂದುಮುಂದಾಗಿ ಆಡಿಸಿ, ಎಡಿಟ್‌ನಲ್ಲಿ ತಿರುಗಿಸಿ ನೋಡಿದೆ. ಮಾತು ಹೊಂದಲಿಲ್ಲ, ಡಬ್ಬಿಂಗ್‌ನಲ್ಲೂ ಆಗಲಿಲ್ಲ. ಬೀಡಿ ಹೊಗೆ ಗಾಳಿಯಿಂದ ವಾಪಸ್ ಬಾಯಿಗೆ ಹೋಗುವ ನಾಲ್ಕು ಸೆಕೆಂಡ್ ಮಾತ್ರ ಇಟ್ಟುಕೊಂಡೆ. ಸುಮ್ನೆ, ಆಸೆಗೆ.

ಮ್ಯೂಸಿಕ್‌ನಲ್ಲಿ ಮೊದಲು ಪೆಟ್ಟು ತಿಂದೆ. ಸಂಗೀತಗಾರ ಲಾಲೋ ಶಿಫ್ರಿನ್ ಅವರ ಪ್ರಸಿದ್ಧ 'ಮಿಷನ್ ಇಂಪಾಸಿಬಲ್' ಟ್ಯೂನ್‌ಗೆ ಹತ್ತಿರದ್ದೊಂದನ್ನು ಟ್ರೇಲರ್‌ಗೆ ಹಾಕಿದ್ದೆ, ಕಾಪಿರೈಟ್ ಕ್ಲೇಮ್ ಬಂತು. ಆಗ ಹೊಳೆದಿದ್ದು ಇದು. ಅವರ ಟ್ಯೂನ್ ನಡೆಯೋದು ಐದರ ಲೆಕ್ಕದಲ್ಲಿ. ನಮ್ಮ ಖಂಡಚಾಪು ತಾಳವೂ ಐದೇ. ತಾಳಕ್ಕೆ ಕಾಪಿರೈಟ್ ಇಲ್ಲ. ಒಬ್ಬರು ಮೃದಂಗ, ಒಬ್ಬರು ಚೆಂಡೆ, ಕೆಳಗೆ ಬಾಸ್ ಗಿಟಾರ್. ತಕ ತಕಿಟ, ತಕ ತಕಿಟ. 20 ಸಾವಿರ ಚಿಲ್ಲರೆಯಲ್ಲಿ ರೀ-ರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತದ ಕೆಲಸ, ಮುಗಿಯಿತು. ಕಾಮಿಡಿಗೆ ಹಾಕೋ "ಡುಯ್ಯಂ" ಅನ್ನೋ ಸೌಂಡ್ ಒಂದೂ ಇಲ್ಲ.

ಚೇಸ್ ನಡೆಯೋದು ಎರಡು ಮೊಪೆಡ್‌ಗಳ ನಡುವೆ. ಅವಕ್ಕೆ ರೇಸ್ ಕಾರಿನ ಸದ್ದು ಕೊಟ್ಟು ನೋಡಿದೆ, ಅಗ್ಗವಾಗಿ ಕೇಳಿಸಿತು. ಮೊಪೆಡ್ ಸದ್ದನ್ನೇ ಇಟ್ಟು ಮೇಲೆ ಭಾರೀ ಮ್ಯೂಸಿಕ್ ಹಾಕಿದೆ, ಕೂತಿತು. ವೇಗವಾಗಿ ಕಾಣಲಿ ಅಂತ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು) ಇಳಿಸಿ ತೆಗೆದಿದ್ದು ನಿಜ. ಎಷ್ಟಕ್ಕೆ ಇಳಿಸಿದೆ, ಯಾವ ತಿರುವಿನಲ್ಲಿ ಮತ್ತೆ 24ಕ್ಕೆ ಬಂದೆ ಅನ್ನೋದನ್ನು ಮಾತ್ರ ಹೇಳಲ್ಲ. ಸೀನಿನ ಜೀವ ಇರೋದೇ ಅಲ್ಲಿ.

ಒಟ್ಟು ಖರ್ಚು, ಆ ಹೋದ 70 ಸಾವಿರವೂ ಸೇರಿ, 3 ಲಕ್ಷದ ಆಸುಪಾಸು. ಊಟಕ್ಕೇ 40 ಸಾವಿರ ದಾಟಿರಬೇಕು. ಅದರಲ್ಲಿ ಉಳಿಸೋಕೆ ಹೋಗಬೇಡಿ, ಮಧ್ಯಾಹ್ನದ ಮೇಲೆ ಯಾರೂ ಕೆಲಸ ಮಾಡಲ್ಲ. ಊರೂರಿನ ಹಾಲ್‌ಗಳಲ್ಲಿ 50 ರೂಪಾಯಿ ಟಿಕೆಟ್ ಇಟ್ಟು ತೋರಿಸಿ 1 ಲಕ್ಷ 80 ಸಾವಿರದಷ್ಟು ವಾಪಸ್ ಬಂದಿದೆ. ಭಾವ ಈಗ ಫೋನ್ ಎತ್ತುತ್ತಾರೆ. ಎರಡನೇ ಭಾಗಕ್ಕೆ ಹಣ ಹಾಕಲು ಅವರದ್ದು ಒಂದೇ ಷರತ್ತು, ವಿಲನ್ ಪಾತ್ರ ಅವರಿಗೇ ಬೇಕಂತೆ. ಅವರ ಮುಖ ಸ್ವಲ್ಪ ನಗುಮುಖ. ಅದೊಂದೇ ಯೋಚನೆ.