ನಾಯಿಯ ಕಿವಿ ಪದೇ ಪದೇ ಸೋರುತ್ತಿದ್ದರೆ ಮೈ ಚರ್ಮವನ್ನೂ ನೋಡಿ

“ಹೋದ ಸಲ ಕೊಟ್ಟ ಹನಿ ಹಾಕಿದ್ವಿರೀ, ಆರಾಮಾಗಿತ್ತು. ಈಗ ಮತ್ತ ಶುರುವಾಗೈತಿ.” ಬಾಗಲಕೋಟೆ ಕಡೆಯ ದನದ ದವಾಖಾನೆಗಳಲ್ಲಿ ಮಳೆಗಾಲ ಬಂತೆಂದರೆ ನಾಯಿ ಸಾಕಿದವರ ಮಾತು ಇದೇ. ನಾಯಿ ತಲೆ ಕೊಡವುತ್ತದೆ, ಹಿಂಗಾಲಿನಿಂದ ಕಿವಿ ಕೆರೆಯುತ್ತದೆ, ಹತ್ತಿರ ಹೋದರೆ ಹುಳಿ ಹುಳಿ ವಾಸನೆ. ಹನಿ ಹಾಕಿದರೆ ಕೆಲವು ದಿನ ಸುಮ್ಮನಿರುತ್ತದೆ. ಆಮೇಲೆ ಮತ್ತೆ ಅದೇ ಗೋಳು.

ಹೀಗೇಕೆ ಆಗುತ್ತದೆ? ಕಿವಿಯ ನಾಳದ ಒಳಗೆ ಹಾಸಿರುವುದೂ ಚರ್ಮವೇ. ಮೈ ಚರ್ಮಕ್ಕೆ ಅಲರ್ಜಿ ಆದರೆ ಅದೂ ಕೆಂಪಾಗಿ ಊದಿಕೊಳ್ಳುತ್ತದೆ, ಗುಗ್ಗೆ ಜಾಸ್ತಿ ಆಗುತ್ತದೆ. ಆ ಬೆಚ್ಚಗಿನ, ಒದ್ದೆ ಜಾಗದಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಆರೋಗ್ಯವಾಗಿರುವ ನಾಯಿಯ ಕಿವಿಯಲ್ಲೂ ಇವು ಸ್ವಲ್ಪ ಇದ್ದೇ ಇರುತ್ತವೆ. ಹನಿ ಔಷಧ ಇವುಗಳನ್ನು ಕೊಲ್ಲುತ್ತದೆ, ಇವು ಬೆಳೆಯಲು ಜಾಗ ಮಾಡಿಕೊಟ್ಟ ಕಾರಣ ಹಾಗೇ ಉಳಿಯುತ್ತದೆ. ಹಾಗಾಗಿ ವರ್ಷದಲ್ಲಿ ಎರಡು ಮೂರು ಸಲ ಕಿವಿ ಸೋರುವ ನಾಯಿಗೆ ಬರೀ ಕಿವಿಯ ಚಿಕಿತ್ಸೆ ಸಾಲುವುದಿಲ್ಲ.

ಮೊದಲು ಇಡೀ ಮೈ ನೋಡಿ

ಬೆಳಕಿನಲ್ಲಿ ನಾಯಿಯನ್ನು ಮಲಗಿಸಿ ನಿಧಾನವಾಗಿ ಪರೀಕ್ಷೆ ಮಾಡಿ. ಎರಡೂ ಕಿವಿ ಕೆಂಪಗಿದ್ದು, ಜೊತೆಗೆ ಪಾದ ನೆಕ್ಕುವುದು, ಕಂಕುಳು, ತೊಡೆ ಸಂದು, ಹೊಟ್ಟೆ ಕೆರೆಯುವುದು ಇದ್ದರೆ ಅಲರ್ಜಿಯ ಅನುಮಾನ ಗಟ್ಟಿ. ಬಿಳಿ ನಾಯಿಯ ಪಾದದ ಕೂದಲು ಎಂಜಲಿನಿಂದ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದೂ ಒಂದು ಗುರುತು. ಬಾಲದ ಬುಡ ಮತ್ತು ಸೊಂಟದ ಮೇಲೆ ಕೆರೆತ ಹೆಚ್ಚಿದ್ದರೆ ಚಿಗಟ ಹುಡುಕಿ. ಕಿವಿಯ ಅಂಚು, ಮೊಣಕೈ ಮೇಲೆ ಹಕ್ಕಳೆ ಕಟ್ಟಿ, ಮನೆಯವರಿಗೂ ತುರಿಕೆ ಶುರುವಾಗಿದ್ದರೆ ಅದು ಕಜ್ಜಿ ಇರಬಹುದು. ಮರಿಯ ಕಿವಿಯಲ್ಲಿ ಕಾಫಿ ಪುಡಿಯಂಥ ಒಣ ಕಪ್ಪು ಗುಗ್ಗೆ ಕಂಡರೆ ಕಿವಿ ನುಸಿ.

ಒಂದೇ ಕಿವಿ, ಅದೂ ಇದ್ದಕ್ಕಿದ್ದಂತೆ ನೋಯತೊಡಗಿದರೆ ಲೆಕ್ಕ ಬೇರೆ. ಹೊಲ, ಬದು, ಕಬ್ಬಿನ ತೋಟದಲ್ಲಿ ಓಡಾಡಿ ಬಂದ ನಾಯಿಯ ಕಿವಿಯೊಳಗೆ ಹುಲ್ಲಿನ ಮೊನಚಾದ ತೆನೆ ಸಿಕ್ಕಿಕೊಂಡಿರಬಹುದು. ಅದನ್ನು ಡಾಕ್ಟರೇ ತೆಗೆಯಬೇಕು.

ಮುಧೋಳ ನಾಯಿ ಸಾಕಿದವರಿಗೆ ಒಂದು ಅನುಕೂಲ ಇದೆ. ಅದರ ಕೂದಲು ಗಿಡ್ಡ, ಮೈಗೆ ಅಂಟಿಕೊಂಡಂತೆ ಇರುತ್ತದೆ, ಆದ್ದರಿಂದ ಕೆಂಪು ಕಲೆ, ಗೀರು ಬೇಗ ಕಣ್ಣಿಗೆ ಬೀಳುತ್ತವೆ. ಆದರೆ ಕಿವಿ ಜೋತು ಬಿದ್ದಿರುವುದರಿಂದ ಒಳಗೆ ಏನಾಗಿದೆ ಎಂದು ಎತ್ತಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್ ಸಾಕಿದವರು ಇನ್ನೂ ಎಚ್ಚರ ಇರಬೇಕು. ಈ ತಳಿಗಳಿಗೆ ಕಿವಿಯ ತೊಂದರೆ ಜಾಸ್ತಿ.

ಉಣ್ಣೆ, ಚಿಗಟ ಮೊದಲು ಹೋಗಲಿ

ತೋಟದ ಮನೆಯಲ್ಲಿ ದನ, ಕುರಿ, ನಾಯಿ ಎಲ್ಲ ಒಂದೇ ಕಡೆ ಇರುತ್ತವೆ, ಅಲ್ವಾ? ನಾಯಿಗೆ ಒಂದು ದಿನ ಪುಡಿ ಉದುರಿಸಿ ಬಿಟ್ಟರೆ ಪ್ರಯೋಜನ ಇಲ್ಲ. ಚಿಗಟದ ಮೊಟ್ಟೆ, ಮರಿ, ಕೋಶ ಇರುವುದೆಲ್ಲ ಹಾಸಿಗೆ, ಗೋಣಿಚೀಲ, ನೆಲದ ಬಿರುಕಿನಲ್ಲಿ. ಕೋಶದೊಳಗೆ ಅದು ತಿಂಗಳುಗಟ್ಟಲೆ ಕಾದು ಕೂರಬಲ್ಲದು. ಆದ್ದರಿಂದ ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೆ, ಕನಿಷ್ಠ 3 ತಿಂಗಳು ಔಷಧ ನಡೆಯಬೇಕು. ಹಾಸಿಗೆಯನ್ನು ಬಿಸಿ ನೀರಿನಲ್ಲಿ ಒಗೆಯಬೇಕು. ಅಫಾಕ್ಸೊಲಾನರ್ ಮಾತ್ರೆ ತಿಂಗಳಿಗೊಮ್ಮೆ, ಫ್ಲುರಲಾನರ್ ಸುಮಾರು 12 ವಾರಕ್ಕೊಮ್ಮೆ ಕೊಡುವಂಥದ್ದು. ನಾಯಿಗೆ ಫಿಟ್ಸ್ ಬಂದ ಇತಿಹಾಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಇನ್ನೊಂದು ಮಾತು: ಪರ್ಮೆಥ್ರಿನ್ ಇರುವ ನಾಯಿ ಔಷಧ ಬೆಕ್ಕಿಗೆ ವಿಷ. ಅಪ್ಪಿತಪ್ಪಿಯೂ ಹಾಕಬೇಡಿ.

ಹನಿ ಬರೆಸುವ ಮುಂಚೆ ಸ್ಲೈಡ್ ಪರೀಕ್ಷೆ ಕೇಳಿ

ಇಲ್ಲಿ ಸಂಕೋಚ ಬೇಡ. “ಸರ್, ಕಿವಿ ಸ್ವಾಬ್ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡ್ತೀರಾ?” ಎಂದು ಕೇಳಿ. ಗುಗ್ಗೆಯನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ ನೋಡಿದರೆ ಸ್ವಲ್ಪ ಹೊತ್ತಿನಲ್ಲಿ ಉತ್ತರ ಸಿಗುತ್ತದೆ. ಮಲಸೇಝಿಯಾ ಎಂಬ ಯೀಸ್ಟ್ ಇದ್ದರೆ ಪುಟ್ಟ ಶೇಂಗಾ ಕಾಯಿಯ ಹಾಗೆ ಕಾಣುತ್ತದೆ. ಬ್ಯಾಕ್ಟೀರಿಯಾ ದುಂಡಗಿದೆಯೋ ಕಡ್ಡಿಯಂತಿದೆಯೋ ಎಂಬುದೂ ಗೊತ್ತಾಗುತ್ತದೆ. ಕಡ್ಡಿಯಂಥದ್ದು ಕಂಡರೆ ಸೂಡೊಮೊನಾಸ್ ಇರಬಹುದು, ಅದು ಹಟಮಾರಿ. ಆಗ ಕಲ್ಚರ್ ಪರೀಕ್ಷೆ ಮಾಡಿಸಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಕಿವಿಯೊಳಗಿನ ತಮಟೆ (ಪರದೆ) ಹರಿದಿದೆಯೇ ಎಂದೂ ನೋಡಿಸಿ. ಹರಿದ ತಮಟೆಯ ಮೂಲಕ ಜೆಂಟಾಮೈಸಿನ್‌ನಂಥ ಕೆಲವು ಔಷಧ ಒಳಗಿವಿಗೆ ಇಳಿದರೆ ನಾಯಿ ಕಿವುಡಾಗುವ ಅಪಾಯ ಇದೆ. ಕಪಾಟಿನಲ್ಲಿ ಉಳಿದ ಹಳೇ ಬಾಟಲಿಯನ್ನು ಸುಮ್ನೆ ಹಾಕಬಾರದು ಎನ್ನುವುದಕ್ಕೆ ಇದೇ ಮುಖ್ಯ ಕಾರಣ.

ಕಿವಿ ತೊಳೆಯುವ ರೀತಿ

ನಾಯಿಯ ಕಿವಿ ನಾಳ ಮೊದಲು ಕೆಳಗೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಹತ್ತಿ ಕಡ್ಡಿ ಹಾಕಿದರೆ ಗುಗ್ಗೆ ಆ ತಿರುವಿನ ಕಡೆ ಇನ್ನೂ ಒಳಗೆ ಹೋಗಿ ಗಟ್ಟಿಯಾಗುತ್ತದೆ. ಕಡ್ಡಿ ಬೇಡವೇ ಬೇಡ.

ಡಾಕ್ಟರ್ ಹೇಳಿದ ಕಿವಿ ತೊಳೆಯುವ ದ್ರಾವಣದ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿನದು ಬಿದ್ದರೆ ನಾಯಿ ಬೆಚ್ಚುತ್ತದೆ, ಮುಂದಿನ ಸಲ ಬಾಟಲಿ ಕಂಡರೆ ಓಡುತ್ತದೆ. ಕಿವಿಯ ಹಾಳೆಯನ್ನು ಮೇಲಕ್ಕೆ ಎತ್ತಿ ಹಿಡಿದು, ನಾಳ ತುಂಬುವಷ್ಟು ಹಾಕಿ. ಬಾಟಲಿಯ ಮೂತಿ ಕಿವಿಗೆ ತಾಗದಿರಲಿ. ಈಗ ಕಿವಿಯ ಬುಡವನ್ನು, ದವಡೆಯ ಹಿಂದೆ ಗಟ್ಟಿಯಾಗಿ ಕೈಗೆ ಸಿಗುವ ಕೊಳವೆಯನ್ನು, 20-30 ಸೆಕೆಂಡ್ ಮೆತ್ತಗೆ ಹಿಸುಕಿ. ಪಿಚ ಪಿಚ ಸದ್ದು ಬಂದರೆ ದ್ರಾವಣ ಒಳಗೆ ಇಳಿದಿದೆ ಎಂದರ್ಥ. ಕೈ ಬಿಡಿ, ನಾಯಿ ತಲೆ ಕೊಡವಲಿ. ಒಳಗಿನ ಗುಗ್ಗೆಯನ್ನು ಮೇಲೆ ತರುವುದೇ ಆ ಕೊಡವುವಿಕೆ. ಆಮೇಲೆ ಬೆರಳಿಗೆ ಹತ್ತಿ ಸುತ್ತಿ, ಬೆರಳು ಹೋಗುವಷ್ಟು ದೂರ ಮಾತ್ರ ಒರೆಸಿ. ಹತ್ತಿಯ ಬಣ್ಣ ನೋಡಿ. ಕಂದು, ಜಿಡ್ಡು ಜಿಡ್ಡಾಗಿದ್ದರೆ ಹೆಚ್ಚಾಗಿ ಯೀಸ್ಟ್. ಹಳದಿ ಅಥವಾ ಹಸಿರು ಕೀವು, ಕೆಟ್ಟ ನಾತ ಇದ್ದರೆ ಬ್ಯಾಕ್ಟೀರಿಯಾ. ಬಣ್ಣವನ್ನು ನಂಬಿ ಔಷಧ ಬದಲಿಸಬೇಡಿ, ಡಾಕ್ಟರಿಗೆ ಹೇಳಲು ನೆನಪಿಟ್ಟುಕೊಂಡರೆ ಸಾಕು. ತೊಳೆದು ಸ್ವಲ್ಪ ಹೊತ್ತು ಒಣಗಲು ಬಿಟ್ಟು ಹನಿ ಹಾಕಿ.

ಮುಟ್ಟಿದರೆ ಕಿರುಚುವಷ್ಟು ನೋವಿದ್ದರೆ ಮನೆಯಲ್ಲಿ ತೊಳೆಯುವ ಸಾಹಸ ಬೇಡ. ವಾಸನೆ ಹೋಯಿತು ಎಂದು ಮೂರನೇ ದಿನಕ್ಕೆ ಹನಿ ನಿಲ್ಲಿಸುವವರು ಬಹಳ. ಹೇಳಿದಷ್ಟು ದಿನ ಹಾಕಿ, ಮತ್ತೊಮ್ಮೆ ಸ್ಲೈಡ್ ನೋಡಿಸಿ, ಸ್ವಚ್ಛ ಇದೆ ಎಂದ ಮೇಲೆ ನಿಲ್ಲಿಸಿ.

ಹಿನ್ನೀರಿನಲ್ಲಿ, ಘಟಪ್ರಭೆಯಲ್ಲಿ ಈಜುವ ನಾಯಿಯ ಕಿವಿಯನ್ನು ಅವತ್ತೇ ಒರೆಸಿ ಒಣಗಿಸಿ.

ಸ್ನಾನ

ಕ್ಲೋರ್‌ಹೆಕ್ಸಿಡಿನ್, ಮೈಕೊನಾಝೋಲ್ ಇರುವ ನಾಯಿ ಶಾಂಪೂ ಹಚ್ಚಿ 10 ನಿಮಿಷ ಬಿಡಬೇಕು. ಗಡಿಯಾರ ನೋಡಿಯೇ ತೊಳೆಯಿರಿ. ತಕ್ಷಣ ತೊಳೆದರೆ ಔಷಧ ಕೆಲಸ ಮಾಡುವುದಿಲ್ಲ. ನೀರು ಉಗುರು ಬೆಚ್ಚಗಿದ್ದರೆ ಸಾಕು, ಬಿಸಿ ನೀರು ತುರಿಕೆಯನ್ನು ಹೆಚ್ಚಿಸುತ್ತದೆ. ನಮ್ಮ ಮೈ ಸೋಪು, ಬಟ್ಟೆ ಸೋಪು ನಾಯಿ ಚರ್ಮಕ್ಕೆ ಆಗಿಬರುವುದಿಲ್ಲ. ಈ ಶಾಂಪೂ ಕಿವಿಯೊಳಗೆ ಹೋಗದಂತೆ ನೋಡಿಕೊಳ್ಳಿ.

ಊಟದ ಪರೀಕ್ಷೆ

ಚಿಗಟ ಹೋಯಿತು, ಕಿವಿ ವಾಸಿಯಾಯಿತು, ಆದರೂ ವರ್ಷವಿಡೀ ಕೆರೆತ ನಿಂತಿಲ್ಲವೇ? ಹಾಗಾದರೆ ಊಟದ ಸರದಿ. ನಾಯಿಗಳಿಗೆ ಹೆಚ್ಚಾಗಿ ಅಲರ್ಜಿ ತರುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ರಕ್ತ ಪರೀಕ್ಷೆಯಿಂದ ಊಟದ ಅಲರ್ಜಿ ಖಚಿತವಾಗಿ ತಿಳಿಯುವುದಿಲ್ಲ. ದುಡ್ಡು ಅದಕ್ಕೆ ಸುರಿಯಬೇಡಿ.

ನಾಯಿ ಈವರೆಗೆ ತಿನ್ನದ ಒಂದು ಮಾಂಸ, ತಿನ್ನದ ಒಂದು ಪಿಷ್ಟದ ಪದಾರ್ಥ ಆರಿಸಿ. ಕೋಳಿ, ಹಾಲು, ರೊಟ್ಟಿ ತಿಂದು ಬೆಳೆದ ನಾಯಿಗೆ ಮುಳ್ಳು ತೆಗೆದು ಬೇಯಿಸಿದ ಮೀನು ಮತ್ತು ಗೆಣಸು ಆಗಬಹುದು. ಈರುಳ್ಳಿ, ಬೆಳ್ಳುಳ್ಳಿ ಬೇಡ, ಅವು ನಾಯಿಗೆ ವಿಷ. ಕನಿಷ್ಠ 8 ವಾರ ಇದರ ಹೊರತು ಬಾಯಿಗೆ ಏನೂ ಹೋಗಬಾರದು. ಕಷ್ಟ ಇರುವುದೇ ಇಲ್ಲಿ. ಅಜ್ಜಿ ಪ್ರೀತಿಯಿಂದ ಹಾಲಿಗೆ ಅದ್ದಿ ಹಾಕಿದ ಒಂದು ಚೂರು ರೊಟ್ಟಿ, ಕಾರಹುಣ್ಣಿಮೆಯ ಹೋಳಿಗೆ ತುಣುಕು, ಮಾಂಸದ ರುಚಿ ಸೇರಿಸಿದ ಮಾತ್ರೆ, ಇಷ್ಟರಲ್ಲೇ ಪರೀಕ್ಷೆ ಕೆಟ್ಟುಹೋಗುತ್ತದೆ. ಮನೆಯವರನ್ನೆಲ್ಲ ಕೂರಿಸಿ ಮೊದಲೇ ಹೇಳಿಬಿಡಿ. ಕೆರೆತ ಕಡಿಮೆಯಾದರೆ ಹಳೇ ಊಟ ಮತ್ತೆ ಕೊಟ್ಟು ನೋಡಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಕಳ್ಳ ಸಿಕ್ಕ ಹಾಗೆ. ಮರಿಗಳಿಗೆ ಈ ಪರೀಕ್ಷೆಯನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ.

ಊಟ ಬದಲಿಸಿದರೂ ಏನೂ ಆಗದಿದ್ದರೆ ದೂಳಿನ ನುಸಿ, ಪರಾಗದ ಅಲರ್ಜಿ ಇರಬೇಕು. ಇದು ಸಾಮಾನ್ಯವಾಗಿ 6 ತಿಂಗಳಿನಿಂದ 3 ವರ್ಷದೊಳಗೆ ಶುರುವಾಗುತ್ತದೆ, ಪೂರ್ತಿ ವಾಸಿಯಾಗುವುದು ಅಪರೂಪ, ಹಿಡಿತದಲ್ಲಿ ಇಡಬಹುದು. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಬೇಗ ಆರಾಮ ಕೊಡುತ್ತದೆ. ಆದರೆ ನಾಯಿ ಜಾಸ್ತಿ ನೀರು ಕುಡಿಯುತ್ತದೆ, ಜಾಸ್ತಿ ಉಚ್ಚೆ ಮಾಡುತ್ತದೆ, ಹಸಿವು ಹೆಚ್ಚುತ್ತದೆ. ತಿಂಗಳುಗಟ್ಟಲೆ ಅದನ್ನೇ ನುಂಗಿಸುವುದು ಸರಿಯಲ್ಲ. ತುರಿಕೆ ತಡೆಯುವ ಒಕ್ಲಾಸಿಟಿನಿಬ್‌ನಂಥ ಬೇರೆ ಔಷಧಗಳ ಬಗ್ಗೆ ಡಾಕ್ಟರನ್ನು ಕೇಳಿ.

ಇವನ್ನು ಮಾತ್ರ ಹಚ್ಚಬೇಡಿ

ಕಜ್ಜಿಗೆ ಸುಟ್ಟ ಇಂಜಿನ್ ಆಯಿಲ್, ಉಣ್ಣೆಗೆ ಹೊಲಕ್ಕೆ ಹೊಡೆಯುವ ಎಣ್ಣೆ, ತಂಬಾಕಿನ ನೀರು, ಕಿವಿಗೆ ಕಾಯಿಸಿದ ಎಣ್ಣೆ. ನಾಯಿ ಮೈ ನೆಕ್ಕುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಈ ವಿಷಗಳಿಂದ ಎಷ್ಟೋ ಮೂಕ ಜೀವಗಳು ನರಳಿ ಸಾಯುತ್ತವೆ. ಕುರಿಗೆಂದು ತಂದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನ ಮೇಲೆ ನಾಯಿಗೆ ಕೊಡುವುದೂ ಬೇಡ. ಪ್ರಮಾಣ ತಪ್ಪಿದರೆ ನರಕ್ಕೆ ಹೊಡೆತ, ಕಾಲಿ (collie) ಜಾತಿಯ ನಾಯಿಗಳಿಗಂತೂ ಪ್ರಾಣಕ್ಕೇ ಕುತ್ತು.

ತಲೆ ಒಂದೇ ಕಡೆ ವಾಲಿದ್ದರೆ, ನಡೆಯುವಾಗ ತೂರಾಡಿದರೆ, ಬಾಯಿ ತೆರೆಯಲು ನೋವಾದರೆ, ಕೊಡವಿ ಕೊಡವಿ ಕಿವಿಯ ಹಾಳೆ ರಕ್ತ ತುಂಬಿ ಊದಿದ್ದರೆ ನಾಳೆಗೆ ಮುಂದೂಡಬೇಡಿ. ಹಿಂದೆ ಹಾಕಿದ ಔಷಧಗಳ ಚೀಟಿ, ಬಾಟಲಿ ಎಲ್ಲವನ್ನೂ ಜೊತೆಗೆ ತೆಗೆದುಕೊಂಡು ಅವತ್ತೇ ದವಾಖಾನೆಗೆ ಹೊರಡಿ.